ಕಲ್ಲಿನ ಮೇಲಿನ ಹೆಸರು

ನಮ್ಮೂರ ಮಹಿಳಾ ಸಮಾಜದ ಶಿಶುವಿಹಾರಕ್ಕೆ ಇಪ್ಪತ್ತೈದು ವರ್ಷ ತುಂಬಿದಾಗ ಅದರ ಮುಂಗೋಡೆಗೆ ಒಂದು ಕಪ್ಪು ಕಲ್ಲಿನ ಫಲಕ ಹಾಕಿಸಿದರು. ಸಮಾರಂಭಕ್ಕೆ ಬಂದ ಶಾಸಕರ ಹೆಸರು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ಅಧ್ಯಕ್ಷೆಯರು, ಉಪಾಧ್ಯಕ್ಷೆಯರು, ಕಲ್ಲು ಕೊಡಿಸಿದ ದಾನಿಗಳು. ಹದಿನೆಂಟು ವರ್ಷ ಕಾರ್ಯದರ್ಶಿಯಾಗಿದ್ದ ನನ್ನ ಹೆಸರು ಕೊನೆಯಿಂದ ಎರಡನೆಯದು. ಅದರಲ್ಲೂ ಇನಿಷಿಯಲ್ ತಪ್ಪು.

ಪರದೆ ಸರಿಸಿದಾಗ ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಫೋಟೋಕ್ಕೆ ನಗುತ್ತ ನಿಂತೆ. ಮನೆಗೆ ಬಂದವಳೇ ತಲೆನೋವೆಂದು ಮಲಗಿಬಿಟ್ಟೆ. ರಾತ್ರಿ ಊಟಕ್ಕೆ ಏಳಲಿಲ್ಲ. ನಮ್ಮವರು ಬಾಗಿಲಲ್ಲಿ ನಿಂತು, "ಕಲ್ಲಿನ ಮೇಲೆ ಹೆಸರು ಬರೋದು ಸ್ವಲ್ಪ ತಡವಾದಷ್ಟೂ ಒಳ್ಳೇದು ಕಣೇ" ಎಂದರು. ಆ ದಿನ ನನಗೆ ನಗು ಬರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿದವಳು. ಕಲ್ಲಿನ ಮೇಲಿನ ಹೆಸರಿಗೆ ಎಂಥ ಬೆಲೆಯಿದೆ ಎನ್ನುವುದು ನನಗೆ ಗೊತ್ತು. ನಮ್ಮ ನಾಡಿನ ಶಾಸನಗಳನ್ನೇ ನೋಡಿ. ಕೆರೆ ಕಟ್ಟಿಸಿದ ನಾಯಕ, ಗದ್ದೆ ಬಿಟ್ಟುಕೊಟ್ಟ ರಾಣಿ, ದತ್ತಿಗೆ ಸಾಕ್ಷಿಯಾದ ಊರ ಗೌಡರು, ಎಲ್ಲರ ಹೆಸರೂ ಸಿಗುತ್ತದೆ. ಹೊಯ್ಸಳರ ಗುಡಿಗಳಲ್ಲಿ ಶಿಲ್ಪಿಗಳೇ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೊರೆದಿದ್ದಾರೆ. ಆದರೆ ಆ ಕೆರೆಯ ಮಣ್ಣನ್ನು ತಲೆಯ ಮೇಲೆ ಹೊತ್ತ ಹೆಂಗಸಿನ ಹೆಸರನ್ನು ನಾನು ಯಾವ ಶಾಸನದಲ್ಲೂ ಓದಿಲ್ಲ. ಇದನ್ನು ಎಷ್ಟೋ ವರ್ಷ ತರಗತಿಯಲ್ಲಿ ಮಕ್ಕಳಿಗೆ ಹೇಳಿದ್ದೇನೆ. ಹೇಳುವಾಗೆಲ್ಲ ನನ್ನನ್ನು ನಾನು ಆ ಮಣ್ಣು ಹೊತ್ತವಳ ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತಿದ್ದೆ. ಅದು ಎಷ್ಟು ದೊಡ್ಡ ತಪ್ಪೆಂದು ತಿಳಿದದ್ದು ಆಮೇಲೆ.

ಅದಾದ ಕೆಲವು ತಿಂಗಳಿಗೆ ಹೈಸ್ಕೂಲಿನಿಂದಲೂ ನನ್ನ ಗೆಳತಿಯಾದವಳು ಕನ್ಯಾಕುಮಾರಿಗೆ ಹೋಗೋಣ ಬಾ ಎಂದು ಕರೆದಳು. ಅವಳು ಕ್ರಿಶ್ಚಿಯನ್. ತಮಿಳುನಾಡಿನ ಆಸ್ಪತ್ರೆಗಳಲ್ಲಿ ದಾದಿಯಾಗಿದ್ದು ನಿವೃತ್ತಳಾದವಳು. ರೈಲು ಬೆಂಗಳೂರು ಬಿಟ್ಟಾಗ ಶುರುವಾದ ನನ್ನ ಫಲಕದ ಪುರಾಣ ಮಧುರೆ ಬಂದರೂ ಮುಗಿದಿರಲಿಲ್ಲ. ಅವಳು ಸುಮ್ಮನೆ ಕೇಳಿಸಿಕೊಂಡಳು. ಕೊನೆಗೆ, "ನಾಳೆ ನಿನಗೊಂದು ಸಮಾಧಿ ತೋರಿಸ್ತೀನಿ. ಅದನ್ನ ನೋಡಿ ಆಮೇಲೆ ಕನ್ಯಾಕುಮಾರಿ ನೋಡು" ಎಂದಳು.

ಹಾಗೆ ನಾನು ಡೋನಾವೂರಿಗೆ ಹೋದದ್ದು. ತಿರುನೆಲ್ವೇಲಿ ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟದ ಬುಡದಲ್ಲಿರುವ ಹಳ್ಳಿ ಅದು. ನಮ್ಮ ಮಲೆನಾಡಿನ ಮಳೆ ಕಂಡವರಿಗೆ ಅದೇ ಘಟ್ಟದ ಆ ಕಡೆಯ ಮಗ್ಗುಲು ಅಷ್ಟು ಒಣಗಿರುವುದನ್ನು ಕಂಡರೆ ಆಶ್ಚರ್ಯವಾಗುತ್ತದೆ. ಕೆಂಪು ನೆಲ, ತಾಳೆಮರ, ಹಿಂದೆ ನೀಲಿ ಬೆಟ್ಟ. ಊರಿನ ಹೆಸರು ತಮಿಳಿನ ಹಾಗೆ ಕೇಳಿಸುತ್ತದಲ್ಲವೇ? ಆದರೆ ಅದರೊಳಗೊಬ್ಬ ಜರ್ಮನಿಯ ಜಹಗೀರುದಾರ ಕುಳಿತಿದ್ದಾನೆ. 1820ರ ದಶಕದಲ್ಲಿ ರೇನಿಯಸ್ ಎಂಬ ಪಾದ್ರಿಗಳು ಅಲ್ಲಿ ಕ್ರೈಸ್ತರಿಗಾಗಿ ಹಳ್ಳಿ ಕಟ್ಟಲು ಹೊರಟಾಗ ಹಣ ಕೊಟ್ಟವನು ಕೌಂಟ್ ಡೋನಾ. ಅವನ ಹೆಸರೇ ಊರಿಗೆ ನಿಂತಿತು. ದೂರದೇಶದಿಂದ ಹಣ ಕೊಟ್ಟವನ ಹೆಸರು ಇನ್ನೂರು ವರ್ಷಗಳಿಂದ ಬಸ್ಸಿನ ಬೋರ್ಡಿನ ಮೇಲೆ ಓಡಾಡುತ್ತಿದೆ.

ಅದೇ ಊರಿನಲ್ಲಿ ಐವತ್ತು ವರ್ಷ ಬದುಕಿ, ಮಕ್ಕಳನ್ನು ಸಾಕಿ, ಅಲ್ಲೇ ಮಣ್ಣಾದ ಹೆಂಗಸೊಬ್ಬರ ಸಮಾಧಿಯ ಮುಂದೆ ಗೆಳತಿ ನನ್ನನ್ನು ನಿಲ್ಲಿಸಿದಳು. ಸಮಾಧಿ ಎಂದರೆ ಏನೂ ಇಲ್ಲ. ಹಕ್ಕಿಗಳು ಬಂದು ನೀರು ಕುಡಿಯಲೆಂದು ಇಟ್ಟ ಒಂದು ಕಲ್ಲಿನ ಬಾನಿ. ಅದರ ಮೇಲೆ 'ಅಮ್ಮ' ಎಂಬ ಒಂದೇ ಮಾತು. ಹುಟ್ಟಿದ ತಾರೀಖಿಲ್ಲ, ಸತ್ತ ತಾರೀಖಿಲ್ಲ, ಪದವಿಯಿಲ್ಲ, ಬೈಬಲಿನ ವಾಕ್ಯವೂ ಇಲ್ಲ. ತನ್ನ ಗೋರಿಯ ಮೇಲೆ ಕಲ್ಲು ನೆಡಬಾರದೆಂದು ಆಕೆಯೇ ಹೇಳಿದ್ದರಂತೆ. ಸಾಕುಮಕ್ಕಳು ಆ ಮಾತನ್ನೂ ಮೀರದೆ, ತಮ್ಮ ಪ್ರೀತಿಯನ್ನೂ ಬಿಡದೆ ಈ ಉಪಾಯ ಕಂಡುಕೊಂಡಿದ್ದರು.

ಆಕೆಯ ಹೆಸರು ಏಮಿ ಕಾರ್ಮೈಕಲ್. ಹುಟ್ಟಿದ್ದು 1867ರ ಡಿಸೆಂಬರ್ 16ರಂದು, ಐರ್ಲೆಂಡಿನ ಉತ್ತರ ಭಾಗದ ಮಿಲೈಲ್ ಎಂಬ ಕಡಲತೀರದ ಹಳ್ಳಿಯಲ್ಲಿ. ತಂದೆಗೆ ಹಿಟ್ಟಿನ ಗಿರಣಿಯಿತ್ತು. ಏಳು ಮಕ್ಕಳಲ್ಲಿ ಏಮಿಯೇ ಹಿರಿಯರು. ಹದಿನೇಳು ತುಂಬಿದಾಗ ತಂದೆ ತೀರಿಕೊಂಡರು.

ಆ ವಯಸ್ಸಿನ ಸುಮಾರಿಗೆ ನಡೆದ ಒಂದು ಘಟನೆಯನ್ನು ಆಕೆ ಮುಪ್ಪಿನಲ್ಲೂ ನೆನೆಯುತ್ತಿದ್ದರು. ಬೆಲ್‌ಫಾಸ್ಟ್ ನಗರದಲ್ಲಿ ಒಂದು ಭಾನುವಾರ ಮನೆಯವರೆಲ್ಲ ಚರ್ಚಿನಿಂದ ಮನೆಗೆ ಬರುತ್ತಿದ್ದಾರೆ. ದಾರಿಯಲ್ಲಿ ಹರಕು ಬಟ್ಟೆಯ ಮುದುಕಿಯೊಬ್ಬಳು ಭಾರದ ಗಂಟು ಹೊತ್ತು ಏದುಸಿರು ಬಿಡುತ್ತ ನಡೆಯುತ್ತಿದ್ದಾಳೆ. ಏಮಿ ಮತ್ತು ಇಬ್ಬರು ತಮ್ಮಂದಿರು ಹೋಗಿ ಗಂಟಿಗೂ ಮುದುಕಿಗೂ ಕೈಕೊಟ್ಟರು. ಅಲ್ಲಿಯವರೆಗೆ ಸರಿ. ಆದರೆ ಎದುರಿನಿಂದ ಚರ್ಚಿನ ಗಣ್ಯರೆಲ್ಲ ಬರುತ್ತಿದ್ದರು! ಆ ಮಕ್ಕಳಿಗೆ ನಾಚಿಕೆಯಿಂದ ಮುಖ ಕೆಂಪಾಯಿತು. ಅದೇ ಹೊತ್ತಿಗೆ ಬೈಬಲಿನ ಒಂದು ಮಾತು ಯಾರೋ ಹಿಂದಿನಿಂದ ಹೇಳಿದ ಹಾಗೆ ಏಮಿಗೆ ಕೇಳಿಸಿತಂತೆ. ಮನುಷ್ಯ ಕಟ್ಟಿದ್ದು ಚಿನ್ನವೋ ಹುಲ್ಲೋ ಎಂಬುದನ್ನು ಕೊನೆಗೆ ಬೆಂಕಿಯೇ ಪರೀಕ್ಷೆ ಮಾಡುತ್ತದೆ ಎಂಬ ಅರ್ಥದ ಮಾತು ಅದು. ಆ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರು. ಜನ ನೋಡುತ್ತಾರೆಂದು ನಾಚಿದ ಆ ಒಂದು ಗಳಿಗೆಯೇ ಆಕೆಯ ಮುಂದಿನ ಬಾಳಿನ ಬೀಜ ಎಂದು ನನಗನ್ನಿಸುತ್ತದೆ. ಜನ ನೋಡಿ ಹೊಗಳಲಿ ಎಂದು ಕೆಲಸ ಮಾಡುವುದೂ ಜನ ನೋಡಿ ನಕ್ಕಾರೆಂದು ಕೆಲಸ ಬಿಡುವುದೂ ಒಂದೇ ರೋಗದ ಎರಡು ಮಗ್ಗುಲು.

ಆಮೇಲೆ ಆಕೆ ಬೆಲ್‌ಫಾಸ್ಟಿನ ಗಿರಣಿ ಹುಡುಗಿಯರ ನಡುವೆ ಕೆಲಸಕ್ಕಿಳಿದರು. ಟೋಪಿ ಕೊಳ್ಳಲು ಹಣವಿಲ್ಲದೆ ಆ ಹುಡುಗಿಯರು ಶಾಲನ್ನೇ ತಲೆಗೆ ಹೊದೆಯುತ್ತಿದ್ದರು. ಅದಕ್ಕೇ ಜನ ಅವರಿಗೆ 'ಶಾಲಿ'ಗಳು ಎಂದು ಹೆಸರಿಟ್ಟಿದ್ದರು. ಅಂಥವರು ಚರ್ಚಿನ ಆವರಣಕ್ಕೆ ಬರುವುದು ಕೆಲವು ದೊಡ್ಡ ಮನೆತನದವರಿಗೆ ಹಿಡಿಸಲಿಲ್ಲ. 1889ರಲ್ಲಿ ಏಮಿ ಅವರಿಗಾಗಿಯೇ ಐನೂರು ಜನ ಕೂರುವ ತಗಡಿನ ಸಭಾಭವನ ಎಬ್ಬಿಸಿದರು. ಮುಂದೆ 1893ರಲ್ಲಿ ಜಪಾನಿಗೆ ಹೋಗಿ, ಹದಿನೈದು ತಿಂಗಳಿಗೆ ಆರೋಗ್ಯ ಕೆಟ್ಟು ಹಿಂದಿರುಗಿದರು. ಅದರ ಮರುವರ್ಷ ಭಾರತಕ್ಕೆ ಹೊರಟರು.

ನಮ್ಮ ಕರ್ನಾಟಕದ ನಂಟು ಇಲ್ಲಿ ಬರುತ್ತದೆ. 1895ರಲ್ಲಿ ಆಕೆ ಬಂದದ್ದು ಬೆಂಗಳೂರಿಗೆ, ಜನಾನಾ ಮಿಷನ್ನಿನ ಕಡೆಯಿಂದ. ಹೊರಗೆ ಬಾರದ ಹೆಂಗಸರಿರುವ ಒಳಮನೆಗಳಿಗೆ ಹೆಂಗಸರನ್ನೇ ಕಳಿಸುತ್ತಿದ್ದ ಸಂಸ್ಥೆ ಅದು. ಬಂದಾಗಲೇ ಡೆಂಗ್ಯೂ ಜ್ವರ ಹಿಡಿದಿತ್ತು. ಗುಣವಾದ ಮೇಲೆ ತಮಿಳು ಕಲಿಯಲು ಕುಳಿತರು. ದಂಡಿನ ಕಡೆ ತಮಿಳರು ಬಹಳ, ಹಾಗಾಗಿ ಬೆಂಗಳೂರಿನಲ್ಲಿ ಅದು ವಿಚಿತ್ರವೇನಲ್ಲ. ಬಿಳಿಯರ ಚಹಾಕೂಟಗಳ ಲೋಕ ಆಕೆಗೆ ಒಗ್ಗಲಿಲ್ಲ. ವಾಕರ್ ಎಂಬ ಪಾದ್ರಿಗಳ ಪರಿಚಯವಾಗಿ, ಅವರ ಕುಟುಂಬದೊಡನೆ ತಿರುನೆಲ್ವೇಲಿಯ ಕಡೆಗೆ ಹೋದರು. ಸೀರೆ ಉಟ್ಟರು. ಕೆಲವು ತಮಿಳು ಹೆಂಗಸರನ್ನು ಕೂಡಿಕೊಂಡು ಎತ್ತಿನ ಗಾಡಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ಧರ್ಮ ಹೇಳುತ್ತ ತಿರುಗಿದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗೆಳತಿ ಕೊಟ್ಟ ಪುಸ್ತಕಗಳನ್ನು ನಾನು ಊರಿಗೆ ತಂದು ಓದಿದೆ. ನಮ್ಮ ದೇವರು, ನಮ್ಮ ಮನೆಗಳ ಬಗ್ಗೆ ಏಮಿ ಬರೆದದ್ದರಲ್ಲಿ ಕೆಲವು ನನ್ನ ಮನಸ್ಸಿಗೆ ನೋವು ತಂದಿತು. ಎಲ್ಲವನ್ನೂ ನಾನು ಒಪ್ಪಲಾರೆ, ನೀವೂ ಒಪ್ಪಬೇಕಿಲ್ಲ. ಆದರೆ ಒಬ್ಬರ ನಂಬಿಕೆಯನ್ನು ಒಪ್ಪದೆಯೂ ಅವರ ನಡತೆಯಿಂದ ಕಲಿಯಬಹುದಲ್ಲ.

1901ರ ಮಾರ್ಚಿನಲ್ಲಿ ಏಳು ವರ್ಷದ ಹುಡುಗಿಯೊಬ್ಬಳನ್ನು ಆಕೆಯ ಬಳಿಗೆ ಕರೆತಂದರು. ದೇವಸ್ಥಾನದ ಸೇವೆಗೆ ಬಿಡಲೆಂದು ಇಟ್ಟಿದ್ದ ಮನೆಯಿಂದ ತಪ್ಪಿಸಿಕೊಂಡು ಬಂದ ಮಗು. ಹಿಂದೊಮ್ಮೆ ಓಡಿಹೋಗಿದ್ದಕ್ಕೆ ಅದರ ಎಳೆಯ ಕೈಗಳಿಗೆ ಬರೆ ಎಳೆದಿದ್ದರು. ಏಮಿಯ ಪುಸ್ತಕಗಳಲ್ಲಿ ಅವಳ ಹೆಸರು ಪ್ರೀನಾ. ಆ ಮಗು ಬಂದು ತೊಡೆಯೇರಿ ಕುಳಿತಿತು. ಅಲ್ಲಿಂದ ಎಲ್ಲವೂ ಬದಲಾಯಿತು. ದೇವದಾಸಿ ಪದ್ಧತಿಯನ್ನು ಮದ್ರಾಸ್ ಪ್ರಾಂತ್ಯ ಕಾನೂನಿನಿಂದ ತಡೆದದ್ದು 1947ರಲ್ಲಿ, ನಮ್ಮ ರಾಜ್ಯ ಕಾಯಿದೆ ಮಾಡಿದ್ದು 1982ರಲ್ಲಿ ಎಂಬುದನ್ನು ನೆನೆದರೆ, ಆ ಕಾಲದಲ್ಲಿ ಅಂಥ ಮಕ್ಕಳಿಗೆ ಬಾಗಿಲು ತೆರೆಯುವುದು ಎಂಥ ಕೆಲಸವೆಂದು ತಿಳಿಯುತ್ತದೆ. ಆಕೆಯನ್ನು ಜನ ಮಕ್ಕಳ ಕಳ್ಳಿ ಎಂದು ಕರೆದರು.

ಮಕ್ಕಳು ಹೆಚ್ಚಿದವು, ಎಳೆಗೂಸುಗಳೂ ಬಂದವು. ಊರೂರು ತಿರುಗಿ ಭಾಷಣ ಮಾಡುತ್ತಿದ್ದ ಹೆಂಗಸು ಈಗ ಹಾಲಿನ ಬಾಟಲಿ ಕುದಿಸಬೇಕು, ಬಟ್ಟೆ ಒಗೆಸಬೇಕು, ಉಗುರು ಕತ್ತರಿಸಬೇಕು. ಸ್ವದೇಶದ ಮಿಷನ್ ಪತ್ರಿಕೆಗಳಲ್ಲಿ ಅಚ್ಚು ಮಾಡಲು ಇದರಲ್ಲಿ ಏನಿದೆ? ಎಷ್ಟು ಹಳ್ಳಿ ಸುತ್ತಿದಿರಿ, ಎಷ್ಟು ಜನ ಸೇರಿದರು ಎಂದರೆ ಲೆಕ್ಕ ಕೊಡಬಹುದು. ಎಷ್ಟು ಉಗುರು ಕತ್ತರಿಸಿದಿರಿ ಎಂದರೆ ಏನು ಬರೆಯುವುದು? ಇದು ಸರಿಯೇ ಎಂದು ಆಕೆಯೂ ತನ್ನನ್ನು ಕೇಳಿಕೊಂಡದ್ದುಂಟು. ಯೇಸು ಕೊನೆಯ ರಾತ್ರಿ ಸೊಂಟಕ್ಕೆ ಅಂಗವಸ್ತ್ರ ಸುತ್ತಿಕೊಂಡು ಶಿಷ್ಯರ ಪಾದ ತೊಳೆದ ಕಥೆ ಆಕೆಗೆ ಉತ್ತರವಾಯಿತು. ಆ ಕೆಲಸ ಆಗಿನ ಮನೆಗಳಲ್ಲಿ ಆಳಿನದು. ಗುರುವೇ ಅದನ್ನು ಮಾಡಿದ ಮೇಲೆ ಯಾವ ಕೆಲಸ ಕೀಳು?

ಇದನ್ನು ಏಮಿಗಿಂತ ಮೊದಲೇ ಅರ್ಥಮಾಡಿಕೊಂಡಂತೆ ಕಾಣುವವರು ಪೊನ್ನಮ್ಮಾಳ್. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ತಮಿಳು ಹೆಣ್ಣುಮಗಳು, ಆ ಎತ್ತಿನ ಗಾಡಿಯ ತಂಡದವರು. ಒಮ್ಮೆ ಸಭೆಯಲ್ಲಿ ಒಂದು ಮಗು, ದೊಡ್ಡವಳಾದ ಮೇಲೆ ನಾನೂ ಈ ತಂಡ ಸೇರುತ್ತೇನೆ, ಆ ಅಕ್ಕನ ಹಾಗೆ ಒಡವೆ ಹಾಕಿಕೊಳ್ಳಬಹುದು ಎಂಬರ್ಥದಲ್ಲಿ ಹೇಳಿದ್ದು ಅವರ ಕಿವಿಗೆ ಬಿತ್ತು. ಆ ಅಕ್ಕ ತಾವೇ. ಮನೆಗೆ ಹೋಗಿ ಒಡವೆಗಳನ್ನು ತೆಗೆದಿಟ್ಟುಬಿಟ್ಟರು. ಕಿವಿ, ಕೊರಳು ಬೋಳಾಗಿದ್ದರೆ ಜನ ಏನೆನ್ನುತ್ತಾರೆ ಎಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಳೆಗೂಸುಗಳಿಗೆ ಕಾಯಿಲೆ ಬಂದರೆ ಡೋನಾವೂರಿನಲ್ಲಿ ಆಗ ವೈದ್ಯರಿರಲಿಲ್ಲ. ಹಾಗಾಗಿ ದೂರದ ನೆಯ್ಯೂರಿನ ಮಿಷನ್ ಆಸ್ಪತ್ರೆಯ ಹತ್ತಿರ ಒಂದು ಶಿಶುಮನೆ ತೆರೆದು ಪೊನ್ನಮ್ಮಾಳರಿಗೆ ಒಪ್ಪಿಸಿದರು. ಧರ್ಮ ಹೇಳಲೆಂದು ಬಂದವರಿಗೆ ಕೂಸಿನ ಹೇಲುಬಟ್ಟೆ ಒಗೆಯುವುದು ಕೀಳಾಗಿ ಕಂಡೀತು. ಪೊನ್ನಮ್ಮಾಳ್ ಅದರ ಬಗ್ಗೆ ಉಪದೇಶ ಮಾಡಲಿಲ್ಲ. ತಾವೇ ಒಗೆಯುತ್ತ ಹೋದರು, ಉಳಿದವರೂ ಬಂದು ಕೂಡಿಕೊಂಡರು.

ಹೆಸರು ತಾನಾಗಿ ಬರುತ್ತದೆ, ಬೇಡವೆಂದರೂ ಬರುತ್ತದೆ. ಅದನ್ನು ಒಳಗೆ ಬಿಡದಿರಲು ಬರೀ ಮನಸ್ಸಿದ್ದರೆ ಸಾಲದು, ಬಾಗಿಲಿಗೆ ಚಿಲಕವೂ ಬೇಕು. ಏಮಿಯ ಬಾಳಿನಲ್ಲಿ ನಾನು ಕಂಡ ವಿಶೇಷವೇ ಇದು. ಅಂಥ ಚಿಲಕಗಳನ್ನು ಆಕೆ ಒಂದೊಂದಾಗಿ ಹಾಕಿಕೊಂಡರು.

ಮೊದಲನೆಯದು, ಊರಿಗೆ ಹಿಂದಿರುಗದೆ ಇದ್ದದ್ದು. ಆ ಕಾಲದ ಮಿಷನರಿಗಳು ಕೆಲವು ವರ್ಷಕ್ಕೊಮ್ಮೆ ರಜೆಯ ಮೇಲೆ ಸ್ವದೇಶಕ್ಕೆ ಹೋಗುತ್ತಿದ್ದರು. ಹೋದರೆ ಊರೂರಲ್ಲಿ ಸಭೆ, ಭಾಷಣ, ಲಾಂದ್ರದ ಚಿತ್ರಪ್ರದರ್ಶನ, ಹೂಗುಚ್ಛ. 1895ರಲ್ಲಿ ಹಡಗು ಹತ್ತಿದ ಏಮಿ ಸಾಯುವವರೆಗೆ, ಐವತ್ತೈದು ವರ್ಷ, ಒಂದು ಸಲವೂ ಹಿಂದಿರುಗಲಿಲ್ಲ.

ಎರಡನೆಯದು, ಹಣ ಕೇಳದೆ ಇದ್ದದ್ದು. ಮನುಷ್ಯರ ಮುಂದೆ ಕೈಚಾಚಿ ಬೇಡಬಾರದು, ದೇವರಲ್ಲಿ ಬೇಡಬೇಕು ಎಂಬುದು ಡೋನಾವೂರಿನ ನಿಯಮವಾಯಿತು. ಕೆಲಸ ಮಾಡುವವರಿಗೆ ಸಂಬಳವಿರಲಿಲ್ಲ. ಇದರ ಲಾಭ ನನಗೆ ನಿಧಾನವಾಗಿ ಹೊಳೆಯಿತು. ಹಣ ಕೇಳಬೇಕಾದವರು ತಮ್ಮ ಕೆಲಸವನ್ನು ಚೆನ್ನಾಗಿ ಕಾಣಿಸಲೇಬೇಕು, ಕಾಣಿಸುತ್ತ ಕಾಣಿಸುತ್ತ ಕೊಂಚ ದೊಡ್ಡದು ಮಾಡಲೇಬೇಕು. ನಮ್ಮ ಸಮಾಜದ ವಾರ್ಷಿಕ ವರದಿ ಬರೆದವಳು ನಾನೇ ತಾನೆ? ಬರುತ್ತಿದ್ದದ್ದು ಇಪ್ಪತ್ತೆರಡು ಮಕ್ಕಳಾದರೆ 'ಸುಮಾರು ಮೂವತ್ತು' ಎಂದು ಬರೆದ ಕೈ ಇದೇ.

ಮೂರನೆಯದು, ಸೋಲನ್ನು ಮುಚ್ಚಿಡದೆ ಬರೆದದ್ದು. ಹಳ್ಳಿಗಳ ಕೆಲಸದ ಬಗ್ಗೆ ಆಕೆ ಬರೆದು ಕಳಿಸಿದ ಹಸ್ತಪ್ರತಿ, ಇದು ಓದುಗರಿಗೆ ಉತ್ಸಾಹ ತರುವಂತಿಲ್ಲ, ಸ್ವಲ್ಪ ಆಶಾದಾಯಕವಾಗಿ ಬದಲಿಸಿ ಎಂಬ ಸಲಹೆಯೊಡನೆ ಇಂಗ್ಲೆಂಡಿನಿಂದ ವಾಪಸು ಬಂತು. ಆಕೆ ಬದಲಿಸಲಿಲ್ಲ. ಇದ್ದದ್ದು ಇದ್ದ ಹಾಗೆ ಎಂಬರ್ಥದ ಹೆಸರು ಹೊತ್ತು ಅದು ಅಚ್ಚಾದದ್ದು 1903ರಲ್ಲಿ. ಓದಿದ ಎಷ್ಟೋ ಜನ ಇದು ನಿಜವಿರಲಾರದೆಂದು ಅನುಮಾನಪಟ್ಟರು.

ಇಷ್ಟು ಚಿಲಕ ಹಾಕಿದರೂ ಹೆಸರು ಬಂದು ಬಾಗಿಲು ತಟ್ಟಿತು. 1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಡುವುದಾಗಿ ಪ್ರಕಟಿಸಿತು. ಮದ್ರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲಂಡ್ ಅವರಿಗೆ ಏಮಿ ಪತ್ರ ಬರೆದರು. ಇದನ್ನು ಬೇಡವೆಂದರೆ ತೀರ ಒರಟುತನವಾಗುತ್ತದೆಯೇ ಎಂದು ಕೇಳಿದರು. ತನ್ನ ಒಡೆಯನನ್ನು ಜನ ತಿರಸ್ಕರಿಸಿದ್ದರು, ತನಗೆ ಅದಕ್ಕೆ ತೀರ ಬೇರೆಯಾದದ್ದು ಸಿಗುವುದು ಕಷ್ಟವೆನಿಸುತ್ತದೆ ಎಂಬುದು ಆ ಪತ್ರದ ತಾತ್ಪರ್ಯ. ಬೇಡವೆಂದರೆ ಕೊಟ್ಟವರ ಮನಸ್ಸು ನೋಯುತ್ತದೆ ಎಂದು ಸ್ನೇಹಿತರು ಒಪ್ಪಿಸಿದರು. ಪದಕ ತೆಗೆದುಕೊಂಡರು, ಆದರೆ ಮದ್ರಾಸಿನ ಸಮಾರಂಭಕ್ಕೆ ಹೋಗಲಿಲ್ಲ. ನನಗೆ ಈ ಎರಡನೆಯ ಭಾಗವೇ ಹೆಚ್ಚು ಇಷ್ಟ. ಪ್ರಶಸ್ತಿ ತಿರಸ್ಕರಿಸಿದರೆ ಅದೂ ಒಂದು ಸುದ್ದಿ, ಬೇಡವೆಂದದ್ದಕ್ಕೇ ಮತ್ತಷ್ಟು ಹೆಸರು. ಗದ್ದಲವಿಲ್ಲದೆ ತೆಗೆದುಕೊಂಡು, ಗದ್ದಲವಿಲ್ಲದೆ ಮನೆಯಲ್ಲೇ ಉಳಿಯುವುದು ಅದಕ್ಕಿಂತ ಕಷ್ಟ.

1931ರಲ್ಲಿ ಕಳಕ್ಕಾಡು ಎಂಬ ಊರಿನಲ್ಲಿ ಬಾಡಿಗೆಗೆ ಹಿಡಿದಿದ್ದ ಮನೆ ನೋಡಲು ಹೋದಾಗ ಸಂಜೆಗತ್ತಲಲ್ಲಿ ಹೊಸದಾಗಿ ತೋಡಿದ್ದ ಗುಂಡಿಗೆ ಬಿದ್ದು ಕಾಲು ಮುರಿಯಿತು. ಮುಂದೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಕೋಣೆಯಲ್ಲೇ, ಬಹುಪಾಲು ಹಾಸಿಗೆಯ ಮೇಲೇ. ಅಲ್ಲಿಂದಲೇ ಪುಸ್ತಕ ಬರೆದರು. ಎಲ್ಲ ಸೇರಿ ಸುಮಾರು ಮೂವತ್ತೈದು ಪುಸ್ತಕಗಳು. ಅವು ದೇಶದೇಶ ತಿರುಗಿದವು. 1951ರ ಜನವರಿ 18ರಂದು, ಎಂಬತ್ತಮೂರರ ವಯಸ್ಸಿನಲ್ಲಿ ತೀರಿಕೊಂಡಾಗ ಆಕೆ ಲೋಕಪ್ರಸಿದ್ಧರೇ ಆಗಿದ್ದರು. ಹಾಗಾದರೆ ಚಿಲಕಗಳೆಲ್ಲ ವ್ಯರ್ಥವೇ?

ಗೆಳತಿಯನ್ನು ನಾನು ಹೀಗೇ ಕೇಳಿದೆ. ಇನ್ನೂ ಒಂದು ಪ್ರಶ್ನೆ ಸೇರಿಸಿದೆ. "ನಮಗೆ ಹೆಂಗಸರಿಗೆ ವಿನಯ ಅಂದ್ರೇನು ಅಂತ ಹೇಳಿಕೊಟ್ಟಿದ್ದಾರೆ ಹೇಳು? ಬಾಯಿ ಮುಚ್ಚಿಕೊಂಡಿರು, ಹಿಂದೆ ನಿಲ್ಲು, ಎಲ್ಲರ ಊಟ ಆದ ಮೇಲೆ ಉಣ್ಣು. ಮದುವೆಯ ಕರೆಯೋಲೆಯಲ್ಲಿ ನಮ್ಮಮ್ಮನ ಹೆಸರು ಯಾವತ್ತೂ ಬರಲೇ ಇಲ್ಲ, ಬರೀ 'ದಂಪತಿಗಳು'. ಮತ್ತೆ ಹೆಸರು ಬೇಡ ಅನ್ನೋ ಪಾಠ ನಮಗೇ ಯಾಕೆ?"

ಅವಳು ಉತ್ತರ ಹೇಳಲಿಲ್ಲ. ಚೀಲದಿಂದ ಒಂದು ತೆಳ್ಳನೆಯ ಹಳೆಯ ಪುಸ್ತಕ ತೆಗೆದುಕೊಟ್ಟಳು. ಪೊನ್ನಮ್ಮಾಳ್ 1915ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಮೂರು ವರ್ಷಕ್ಕೆ, 1918ರಲ್ಲಿ, ಏಮಿ ಅವರ ಜೀವನಚರಿತ್ರೆಯನ್ನು ಬರೆದರು. ಪುಸ್ತಕದ ಶೀರ್ಷಿಕೆಯಲ್ಲೇ ಪೊನ್ನಮ್ಮಾಳ್ ಎಂಬ ಹೆಸರಿದೆ.

ನಾನು ಆ ಪುಸ್ತಕವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ. ಬಿಳಿಯರ ಆಳ್ವಿಕೆಯ ಕಾಲ. ಆಗಿನ ಮಿಷನ್ ವರದಿಗಳಲ್ಲಿ ನಮ್ಮ ಹೆಂಗಸರು ಎಷ್ಟೋ ಸಲ 'ದೇಶೀ ಸಹಾಯಕಿ' ಎಂದಷ್ಟೇ ಬಂದು ಹೋಗುತ್ತಾರೆ. ಏಮಿ ತನ್ನ ಗೋರಿಯ ಮೇಲಿನ ಹೆಸರನ್ನು ಬೇಡವೆಂದರು, ಪೊನ್ನಮ್ಮಾಳರ ಹೆಸರನ್ನು ಇಂಗ್ಲಿಷ್ ಓದುವ ಲೋಕಕ್ಕೆಲ್ಲ ಕೊಟ್ಟರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಾವು ಹೇಳುವುದುಂಟು. ಆದರೆ ಆ ಮಾತು ನನ್ನ ಎರಡು ಕೈಗಳಿಗೆ ಮಾತ್ರ. ಇನ್ನೊಬ್ಬರ ಕೈ ಮಾಡಿದ ಕೆಲಸವನ್ನು ಮರೆಯಲ್ಲಿಡಲು ನನಗೆ ಯಾರೂ ಅಧಿಕಾರ ಕೊಟ್ಟಿಲ್ಲ. ವಿನಯವೆಂದರೆ ಎಲ್ಲರ ಹೆಸರನ್ನೂ ಅಳಿಸುವುದಲ್ಲ. ನನ್ನದನ್ನು ಹಿಂದಿಟ್ಟು, ಹಿಂದೆ ನಿಂತವರದನ್ನು ಮುಂದೆ ತರುವುದು.

ಊರಿಗೆ ಬಂದ ಮೇಲೆ ಬೆಳ್ಳಿಹಬ್ಬದ ದಿನದ ಫೋಟೋ ತೆಗೆದು ನೋಡಿದೆ. ನಡುವೆ ಶಾಸಕರು, ಸುತ್ತ ರೇಷ್ಮೆಸೀರೆಯ ನಾವು, ಹಿಂದೆ ಫಲಕ. ಎಡ ಅಂಚಿನಲ್ಲಿ ಒಂದು ಕೈ ಮಾತ್ರ ಕಾಣುತ್ತದೆ. ಫೋಟೋಕ್ಕೆ ಅಡ್ಡ ಬರುತ್ತಿದ್ದ ಮಗುವೊಂದನ್ನು ಹಿಂದಕ್ಕೆ ಎಳೆದು ಹಿಡಿದ ಕೈ. ಅದು ನಮ್ಮ ಆಯಾಳ ಕೈ. ಇಪ್ಪತ್ತೈದು ವರ್ಷ ಆ ಶಿಶುವಿಹಾರದ ಬೀಗ ತೆಗೆದವಳು, ಮಕ್ಕಳ ಚಡ್ಡಿ ಬದಲಿಸಿದವಳು, ರಾಗಿಗಂಜಿ ಕುಡಿಸಿದವಳು ಅವಳು. ಫಲಕದಲ್ಲಿ ನನ್ನದು ಕೊನೆಯಿಂದ ಎರಡನೆಯ ಹೆಸರೆಂದು ಅನ್ನ ಬಿಟ್ಟಿದ್ದೆನಲ್ಲ, ಅವಳ ಹೆಸರು ಅಲ್ಲಿ ಇಲ್ಲವೇ ಇಲ್ಲ ಎಂಬುದು ಆ ರಾತ್ರಿ ನನಗೆ ಹೊಳೆದಿರಲೂ ಇಲ್ಲ. ಮಣ್ಣು ಹೊತ್ತವಳ ಪಕ್ಕದಲ್ಲಿ ನಾನು ಎಂದೂ ನಿಂತಿರಲಿಲ್ಲ. ಶಾಸನ ಬರೆಸಿದವರ ಸಾಲಿನಲ್ಲೇ ನಿಂತು ಜಾಗಕ್ಕಾಗಿ ಜಗಳವಾಡುತ್ತಿದ್ದೆ.

ಮರುದಿನ ಅವಳ ಮನೆಗೆ ಹೋದೆ. ಇಷ್ಟು ವರ್ಷದಲ್ಲಿ ಅದು ಎರಡನೆಯ ಸಲ. ಚಾಪೆ ಹಾಸಿದಳು. "ನಿನ್ನ ಹೆಸರೂ ಅಲ್ಲಿ ಬರೆಸಬೇಕು ಅಂತಿದೀನಿ. ಏನಂತೀಯ?" ಎಂದು ಕೇಳಿದೆ. ನನಗ್ಯಾಕೆ ಅಮ್ಮೋರೆ, ಮಕ್ಕಳು ನೆನಪಿಟ್ಟುಕೊಂಡರೆ ಸಾಕು ಎನ್ನುತ್ತಾಳೆ ಎಂದು ನಾನು ಒಳಗೊಳಗೇ ಕಾದಿದ್ದೆ. ಹಾಗೆಂದಿದ್ದರೆ ಅವಳ ದೊಡ್ಡತನವನ್ನು ಹೊಗಳಿ ಎದ್ದು ಬರಬಹುದಿತ್ತು, ನನ್ನ ಕೆಲಸವೂ ಹಗುರಾಗುತ್ತಿತ್ತು.

ಅವಳು ಹಾಗೆನ್ನಲಿಲ್ಲ. "ಬರೆಸಿ ಅಮ್ಮೋರೆ. ಯಾಕ್ ಬ್ಯಾಡ ಅನ್ಲಿ? ನನ್ ಮೊಮ್ಮಗಳು ಅಲ್ಲಿಗೇ ಬರ್ತಾಳೆ. ಅವಳಿಗೆ ಓದೋಕೆ ಬಂದಾಗ ಓದ್ಲಿ" ಎಂದಳು. ಸ್ವಲ್ಪ ತಡೆದು, "ನಮ್ಮನೇರ ಹೆಸ್ರು ಸೇರಿಸ್ಬ್ಯಾಡಿ. ನಂದಷ್ಟೇ ಸಾಕು" ಎಂದು ನಕ್ಕಳು. ಎದ್ದು ಬರುವಾಗ, "ನೀವು ನಾಳೆ ಬೇಗ ಬರ್ತೀರಲ್ಲ?" ಎಂದೆ. ಇಪ್ಪತ್ತೈದು ವರ್ಷ 'ನೀನು' ಎಂದ ಬಾಯಲ್ಲಿ ಬಂದ ಆ 'ನೀವು' ನಮ್ಮಿಬ್ಬರಿಗೂ ಮುಜುಗರ ತಂದಿತು.

ಸಮಿತಿಯಲ್ಲಿ ಸುಲಭವಾಗಲಿಲ್ಲ. ಕೊರೆದಾದ ಕಲ್ಲಿನಲ್ಲಿ ಜಾಗವಿಲ್ಲ ಎಂದರು. ಇವತ್ತು ಆಯಾ ಎಂದರೆ ನಾಳೆ ಗೇಟಿನವನು ಕೇಳುತ್ತಾನೆ ಎಂದರು. ಮೂರು ಸಭೆಗಳಾದ ಮೇಲೆ, ಕಲ್ಲಿನ ಪಕ್ಕದಲ್ಲಿ ಒಂದು ಮರದ ಹಲಗೆ ಹಾಕಲು ಒಪ್ಪಿದರು. ಹಲಗೆಗೂ ಬಣ್ಣಕ್ಕೂ ದುಡ್ಡು ನಾನು ಕೊಟ್ಟೆ. ಬೋರ್ಡು ಬರೆಯುವ ಹುಡುಗ ಅವಳ ಹೆಸರು ಬರೆದು ಮುಗಿಸಿ, ಕೆಳಗೆ ಉಳಿದ ಜಾಗ ತೋರಿಸಿ, "ಕೊಡುಗೆ ಅಂತ ನಿಮ್ಮ ಹೆಸರು ಸಣ್ಣಕ್ಷರದಲ್ಲಿ ಬರೀಲಾ ಮೇಡಂ?" ಎಂದ.

ಬೇಡ ಎಂದೆ. ಆದರೆ ಸುಳ್ಳು ಹೇಳುವುದಿಲ್ಲ. ಹಾಗೆನ್ನಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು.

ಅವಳ ಹೆಸರನ್ನು ನಾನಿಲ್ಲಿ ಬರೆದಿಲ್ಲ. ಬರೆದರೆ ಅದು ನನ್ನ ಪುಸ್ತಕಕ್ಕೆ ಅಲಂಕಾರವಾಗುತ್ತದೆ. ಅದು ಇರಬೇಕಾದ ಜಾಗದಲ್ಲಿ ಇದೆ, ಮೊಮ್ಮಗಳಿಗೆ ಎಟುಕುವಷ್ಟು ಎತ್ತರದಲ್ಲಿ.